ಬೋಟಿನಲ್ಲಿ ಮೂರ್ನಾಲ್ಕು ದಿನ: ಕೊಪ್ಪಳ, ಬಳ್ಳಾರಿ, ರಾಯಚೂರಿನವರು ಯಾವ ನೀರಿಗೆ ಹೋಗಬೇಕು?

ಬೋಟ್ ಟ್ರಿಪ್ ಅಂದಕೂಡಲೇ ನಮ್ಮ ಕಡೆ ಮಂದಿ ಮೊದಲು ಕೇಳುವುದು ರೇಟು. ಆಮೇಲೆ ಎಸಿ ಐತೇನು, ಊಟ ಕೊಡತಾರೇನು. ಇವು ಕೇಳಬೇಕಾದ ಪ್ರಶ್ನೆಗಳೇ, ಆದರೆ ಇವಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ಈ ಬೋಟಿನ ಊರು ಯಾವುದು? ರಾತ್ರಿ ಎಲ್ಲಿ ಕಟ್ಟುತ್ತಾರೆ? ಕೊನೆಗೆ ಯಾವ ಜೆಟ್ಟಿಗೆ ಮರಳುತ್ತದೆ?

ಪ್ರತಿ ಬೋಟಿಗೂ ಒಂದು ತವರು ಜೆಟ್ಟಿ ಇರುತ್ತದೆ. ಡೀಸೆಲ್ ತುಂಬಿಸುವುದು, ನೀರು ಹತ್ತಿಸುವುದು, ಹೊಸ ಗಿರಾಕಿಯನ್ನು ಕೂರಿಸಿಕೊಳ್ಳುವುದು ಎಲ್ಲ ಅಲ್ಲಿಯೇ. ನಿಮ್ಮನ್ನು ಬೇರೆ ಊರಿನಲ್ಲಿ ಇಳಿಸಿದರೂ ಅದು ಖಾಲಿ ಹೊಟ್ಟೆಯಲ್ಲಿ ಅಲ್ಲಿಗೇ ತಿರುಗಿ ಬರಬೇಕು. ಆ ಖಾಲಿ ಬರುವ ಖರ್ಚು ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲ, ಬಾಡಿಗೆಯೊಳಗೇ ಸೇರಿರುತ್ತದೆ. ಹಾಗಾಗಿ ನಮಗಿರುವ ಆಯ್ಕೆ ಎರಡೇ. ಬೋಟಿನ ತವರಿನಿಂದ ಹೊರಟು ಅಲ್ಲಿಗೇ ಮರಳುವ ಸುತ್ತು ಒಂದು. ಹತ್ತಿದ ಬೋಟನ್ನು ಅಲ್ಲಲ್ಲೇ ಬಿಟ್ಟು ಮುಂದಿನ ಬೋಟು ಹತ್ತುತ್ತಾ ಸಾಗುವ ದಾರಿ ಇನ್ನೊಂದು. ಇದೊಂದು ತೀರ್ಮಾನವಾದರೆ ಕೇರಳವೋ ಬಂಗಾಳವೋ ನಮ್ಮದೇ ಕರಾವಳಿಯೋ ಎಂಬುದು ಅರ್ಧ ತಾನೇ ತೀರ್ಮಾನವಾಗುತ್ತದೆ.

ನಾವು ಹರಿಗೋಲಿನ ಜನ. ಆನೆಗೊಂದಿಯಲ್ಲಿ ಹೊಳೆ ದಾಟಿದವರು, ಕುರುವಪುರಕ್ಕೆ ಕೃಷ್ಣೆಯ ನಡುಗಡ್ಡೆಗೆ ಹೋಗಿಬಂದವರು ಮನೆಗೊಬ್ಬರಾದರೂ ಇರುತ್ತಾರೆ. ಆದರೆ ಅದು ಹತ್ತಿಪ್ಪತ್ತು ನಿಮಿಷದ ಮಾತು. ನೀರಿನ ಮೇಲೆ ದಿನಗಟ್ಟಲೆ ಹೋಗುವುದು ಬೇರೆ ಲೆಕ್ಕ. 2016ರ ಕಾಯ್ದೆಯ ಪ್ರಕಾರ ನಮ್ಮ ತುಂಗಭದ್ರೆಯೂ ರಾಷ್ಟ್ರೀಯ ಜಲಮಾರ್ಗವೇ, ನಂಬರ್ 104. ಕಾಗದದ ಮೇಲೆ ಅಷ್ಟೆ. ಬೇಸಿಗೆಯಲ್ಲಿ ಕಂಪ್ಲಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿದವರಿಗೆ ಮೋಟಾರು ಬೋಟಿನ ಮಾತು ವಿವರಿಸಬೇಕಾಗಿಲ್ಲ.

ಕರಾವಳಿ ಇದ್ದಲ್ಲೆಲ್ಲ ಒಳದಾರಿ ಇರುವುದಿಲ್ಲ

ಹಲವು ದಿನ ಬೋಟಿನಲ್ಲಿ ಹೋಗಬೇಕಾದರೆ ಸಮುದ್ರಕ್ಕೆ ಸಮಾನಾಂತರವಾಗಿ, ಆದರೆ ಸಮುದ್ರದ ಅಲೆ ತಾಗದಂತೆ, ಒಳಗೊಳಗೇ ನೀರು ಸಿಗಬೇಕು. ಕೇರಳದಲ್ಲಿ ಅದು ಸಿಗುತ್ತದೆ. ಸಮುದ್ರ ಮತ್ತು ನೆಲದ ನಡುವೆ ಉದ್ದಕ್ಕೂ ಹಿನ್ನೀರಿನ ಕೆರೆಗಳು, ಅವುಗಳನ್ನು ಜೋಡಿಸಿ ತೋಡಿದ ಕಾಲುವೆಗಳು. ಕೊಲ್ಲಂನಿಂದ ಕೊಟ್ಟಪುರಂವರೆಗಿನ 168 ಕಿಲೋಮೀಟರನ್ನು 1993ರಲ್ಲೇ ಮೂರನೇ ರಾಷ್ಟ್ರೀಯ ಜಲಮಾರ್ಗ ಎಂದು ಘೋಷಿಸಿದರು. ಆಮೇಲೆ ಅದನ್ನು ಕೋಯಿಕ್ಕೋಡ್‌ವರೆಗೂ ವಿಸ್ತರಿಸಿದ್ದಾರೆ.

ನಮ್ಮ ರಾಜ್ಯದ ಕರಾವಳಿ ಹಾಗಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ ಎಲ್ಲವೂ ಘಟ್ಟ ಇಳಿದು ಸೀದಾ ಸಮುದ್ರಕ್ಕೆ ಓಡುವ ಹೊಳೆಗಳು. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿಲ್ಲ. ಹೊನ್ನಾವರದಿಂದ ಗಂಗೊಳ್ಳಿಗೆ ಬೋಟಿನಲ್ಲೇ ಹೋಗುತ್ತೇನೆ ಅಂದರೆ ಶರಾವತಿಯ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದಾಟಿ ಹೊರಗಿನ ಕಡಲಿಗೆ ಬಿದ್ದು, ಮತ್ತೆ ಇನ್ನೊಂದು ಅಳಿವೆಯಲ್ಲಿ ಒಳಬರಬೇಕು. ಅಳಿವೆಯ ಬಾಯಲ್ಲಿ ಹೊಳೆ ತಂದ ಮರಳು ದಿಬ್ಬ ಕಟ್ಟಿರುತ್ತದೆ. ನೀರು ಅಲ್ಲಿ ತೆಳುವು, ಅಲೆ ಅಲ್ಲಿಯೇ ಮುರಿಯುತ್ತದೆ, ದಿಬ್ಬವೂ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಮೀನುಗಾರಿಕೆ ಬೋಟು ನಡೆಸುವ ತಾಂಡೇಲರು ಉಬ್ಬರ ನೋಡಿಕೊಂಡು ದಾಟುವ ಜಾಗ ಅದು, ಪ್ರವಾಸಿಗಳನ್ನು ಕೂರಿಸಿಕೊಂಡು ಆಟ ಆಡುವ ಜಾಗವಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಬೋಟಿನಲ್ಲೇ ಕರೆದೊಯ್ಯುತ್ತೇವೆ ಎಂದು ಯಾರಾದರೂ ಪ್ಯಾಕೇಜ್ ಹೇಳಿದರೆ ದಾರಿ ಯಾವುದು ಅಂತ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ.

ಇದೇ ಕಾರಣಕ್ಕೆ ಕೆಲವು ಹೆಸರುಗಳನ್ನು ಪಟ್ಟಿಯಿಂದ ಬೇಗ ತೆಗೆದುಹಾಕಬಹುದು. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹೋಗುವುದು ಹಡಗು, ನಡುಗಡಲಿನ ಪ್ರಯಾಣ, ಪರ್ಮಿಟ್ ಬೇರೆ. ಆಂಧ್ರದ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಹಿಂದೆ ಸರಕಿನ ದೋಣಿಗಳು ಓಡಾಡುತ್ತಿದ್ದವು. ಈಗ ಅದರ ಬಹುಭಾಗ ಹೂಳು. ಪಾಪಿಕೊಂಡಲು ಚೆಂದವೇ, ಆದರೆ ಅದು ಗೋದಾವರಿಯ ಕಣಿವೆ, ಕರಾವಳಿಯಲ್ಲ. ಗೋವಾದಲ್ಲಿ ಮಾಂಡವಿ ಮತ್ತು ಜುವಾರಿ ನದಿಗಳನ್ನು ಕುಂಬಾರ್ಜುವಾ ಕಾಲುವೆ ಒಳಗಿನಿಂದಲೇ ಜೋಡಿಸುತ್ತದೆ, ಅಲ್ಲಿ ಮೊಸಳೆ ನೋಡಲು ಬೋಟು ಸಿಗುತ್ತವೆ. ಆದರೆ ಎಲ್ಲ ಅರ್ಧ ದಿನದಲ್ಲಿ ಮುಗಿಯುವವು. ಬಳ್ಳಾರಿ, ಸಂಡೂರು ಕಡೆಯವರಿಗೆ ಅಲ್ಲಿ ಬೇರೆಯೇ ಒಂದು ಕುತೂಹಲ ಇರಬಹುದು. ನಮ್ಮಲ್ಲಿ ಲಾರಿ, ರೈಲು ಹೊತ್ತ ಅದಿರನ್ನು ಗೋವಾದಲ್ಲಿ ಬಾರ್ಜುಗಳು ಹೊಳೆಯಲ್ಲೇ ಮುರ್ಮುಗೋವಾ ಬಂದರಿಗೆ ಸಾಗಿಸುತ್ತಿದ್ದವು. ಅದನ್ನು ನೋಡಲು ಹೋಗಿ, ಮೂರು ದಿನದ ಬೋಟು ಯಾನಕ್ಕೆಂದು ಹೋಗಬೇಡಿ.

ಹಾಗಾಗಿ ಉಳಿಯುವುದು ನಾಲ್ಕು: ಆಲಪ್ಪುಳದ ಹೌಸ್‌ಬೋಟು, ಕೇರಳದ ಸರ್ಕಾರಿ ಬೋಟುಗಳನ್ನು ಕೂಡಿಸಿಕೊಂಡು ಹೋಗುವ ದಾರಿ, ಬಂಗಾಳದ ಸುಂದರಬನದ ಲಾಂಚು, ಮತ್ತು ನಮ್ಮ ಕರಾವಳಿಯಲ್ಲಿ ಹಗಲು ಹೊಳೆ, ರಾತ್ರಿ ನೆಲ.

ಹೌಸ್‌ಬೋಟು: ರಾತ್ರಿಯಿಡೀ ಓಡುವುದಿಲ್ಲ

ನಮ್ಮ ಮಂದಿಗೆ ಇರುವ ದೊಡ್ಡ ತಪ್ಪುಕಲ್ಪನೆ ಇದು. ಒಂದು ರಾತ್ರಿಯ ಪ್ಯಾಕೇಜ್ ಅಂದರೆ ಸ್ಲೀಪರ್ ಬಸ್ಸಿನ ಹಾಗೆ ಮಲಗಿದ್ದಾಗಲೂ ಸಾಗುತ್ತಿರುತ್ತದೆ ಅಂದುಕೊಳ್ಳುತ್ತಾರೆ. ಮಧ್ಯಾಹ್ನ 12ರ ಸುಮಾರಿಗೆ ಹತ್ತಿಸಿಕೊಳ್ಳುತ್ತಾರೆ, ಮರುದಿನ ಬೆಳಿಗ್ಗೆ 9ಕ್ಕೆ ಇಳಿಸುತ್ತಾರೆ. ಊಟಕ್ಕೆ ಒಂದು ತಾಸು ನಿಲ್ಲಿಸುತ್ತಾರೆ. ಸಂಜೆ ಐದೂವರೆ ಹೊತ್ತಿಗೆ ದಂಡೆಗೆ ಕಟ್ಟಿಬಿಡುತ್ತಾರೆ, ಯಾಕೆಂದರೆ ಕತ್ತಲಾದ ಮೇಲೆ ಆ ನೀರು ಮೀನುಗಾರರದು, ಬಲೆ ಹಾಸಿರುತ್ತಾರೆ. ಬೆಳಿಗ್ಗೆ ತಿಂಡಿ ಆದಮೇಲೆ ಒಂದಷ್ಟು ದೂರ, ಅದೂ ಜೆಟ್ಟಿಗೆ ಮರಳುವ ದಾರಿ. ಕೂಡಿಸಿ ನೋಡಿದರೆ 21 ತಾಸಿನಲ್ಲಿ ಬೋಟು ನಿಜವಾಗಿ ಓಡುವುದು ಐದಾರು ತಾಸು.

ಇದು ಮೋಸವಲ್ಲ, ಪದ್ಧತಿ. ಆದರೆ ಇದು ಗೊತ್ತಿದ್ದರೆ ಎರಡು ರಾತ್ರಿ, ಮೂರು ರಾತ್ರಿ ಹೌಸ್‌ಬೋಟಿನಲ್ಲೇ ಇರಬೇಕೋ ಬೇಡವೋ ಎಂದು ನೀವೇ ಹೇಳಬಲ್ಲಿರಿ. ನನ್ನ ಮಟ್ಟಿಗೆ ಒಂದು ರಾತ್ರಿ ಸಾಕು. ಎರಡನೇ ದಿನ ಅದೇ ಪುನ್ನಮಡ ಕೆರೆ, ಅದೇ ವೇಂಬನಾಡು ಕೆರೆ, ಅದೇ ತೆಂಗಿನ ಸಾಲು. ವಯಸ್ಸಾದವರನ್ನು ಕರೆದುಕೊಂಡು ಹೋಗಿ ಸುಮ್ಮನೆ ಕೂರುವುದೇ ಉದ್ದೇಶವಾದರೆ ಮಾತ್ರ ಎರಡು ರಾತ್ರಿ ಚೆನ್ನಾಗಿರುತ್ತದೆ, ಮೆಟ್ಟಿಲು ಹತ್ತಿಳಿಯುವ ಗೋಜಿಲ್ಲ, ಮಂಚದಿಂದ ಎದ್ದರೆ ಎದುರಿಗೇ ನೀರು.

ಆಲಪ್ಪುಳದಿಂದ ಹೊರಟು ಕುಮರಕಂನಲ್ಲೋ ಕೊಲ್ಲಂನಲ್ಲೋ ಇಳಿಸಿ ಅಂದಿರೋ, ಮೊದಲು ಹೇಳಿದ ಖಾಲಿ ಮರಳುವ ಖರ್ಚು ಸೇರುತ್ತದೆ. ಕೊಲ್ಲಂವರೆಗಂತೂ ಹೌಸ್‌ಬೋಟಿನ ಆಮೆ ನಡಿಗೆಗೆ ದೂರವೇ ಜಾಸ್ತಿ. ಹೌಸ್‌ಬೋಟನ್ನು ಅದರ ತವರಿನ ಸುತ್ತಲೇ ಬಳಸಿ.

ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ರೈತರಿಗೆ ಈ ಸುತ್ತಿನಲ್ಲಿ ಬೇರೆ ಯಾರಿಗೂ ಕಾಣದ್ದು ಕಾಣುತ್ತದೆ. ಆಲಪ್ಪುಳದ ಸುತ್ತಲಿನ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಬೋಟಿನ ಮೇಲೆ ಕೂತರೆ ಕಾಲುವೆಯ ನೀರು ಮೇಲೆ, ಏರಿಯಾಚೆ ಭತ್ತ ಕೆಳಗೆ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ಕೂತು ನೀರು ಯಾವಾಗ ಬರುತ್ತದೋ ಎಂದು ಕಾಯುತ್ತೇವೆ. ಅವರು ಮಳೆಗಾಲ ಮುಗಿದಮೇಲೆ ಗದ್ದೆಯ ನೀರನ್ನು ಹೊರಕ್ಕೆ ತಳ್ಳಿದರೆ ಮಾತ್ರ ಬಿತ್ತನೆ. ಅದಕ್ಕೆ ಅವರದೇ ಒಂದು ಪಂಪು ಇದೆ, ಪೆಟ್ಟಿ-ಪರ ಅನ್ನುತ್ತಾರೆ. ಮರದ ದೊಡ್ಡ ಡಬ್ಬಿ, ಒಳಗೆ ತಿರುಗುವ ರೆಕ್ಕೆ, ಪಕ್ಕದಲ್ಲಿ ಮೋಟಾರು. ಏರಿಯ ಒಂದು ಬದಿಯಿಂದ ನೀರೆತ್ತಿ ಇನ್ನೊಂದು ಬದಿಗೆ ಸುರಿಯುತ್ತದೆ. ಈ ಬೇಸಾಯ ಪದ್ಧತಿಗೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯ ಮಾನ್ಯತೆ ಕೊಟ್ಟಿದೆ. ಬೋಟಿನ ಡ್ರೈವರ್‌ಗೆ ಮೊದಲೇ ಹೇಳಿದರೆ ಇಂಥ ಕಡೆ ದಂಡೆಗೆ ಹಚ್ಚುತ್ತಾರೆ. ಹೇಳದಿದ್ದರೆ ರೆಸಾರ್ಟುಗಳ ಮುಂದೆ ಒಂದು ಸುತ್ತು ಹಾಕಿಸಿ ತರುತ್ತಾರೆ.

ಬೋಟು ಆರಿಸುವಾಗ ಫೋಟೋ ನಂಬಬೇಡಿ. ಬೆಳಿಗ್ಗೆಯೇ ಆಲಪ್ಪುಳದ ಫಿನಿಶಿಂಗ್ ಪಾಯಿಂಟ್ ಎಂಬ ಜೆಟ್ಟಿಗೆ ಹೋಗಿ ಬೋಟನ್ನು ಕಣ್ಣಾರೆ ನೋಡಿ, ರಶ್ ಇಲ್ಲದ ದಿನಗಳಲ್ಲಿ ಇದೇ ಒಳ್ಳೆಯ ದಾರಿ. ಎಂಜಿನ್ ಎಲ್ಲಿದೆ, ಜನರೇಟರ್ ಎಲ್ಲಿದೆ ನೋಡಿ, ಅದರ ಪಕ್ಕದ ಕೋಣೆ ಬೇಡ ಅನ್ನಿ. ಎಸಿ ಹಗಲೂ ಇರುತ್ತದೋ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮಾತ್ರವೋ ಕೇಳಿ. ಅಗ್ಗದ ಪ್ಯಾಕೇಜುಗಳಲ್ಲಿ ಎರಡನೆಯದೇ ಹೆಚ್ಚು. ಕೇರಳ ಪ್ರವಾಸೋದ್ಯಮ ಇಲಾಖೆ ಗೋಲ್ಡ್ ಸ್ಟಾರ್, ಸಿಲ್ವರ್ ಸ್ಟಾರ್ ಎಂದು ದರ್ಜೆ ಕೊಡುತ್ತದೆ. ಪರಿಸರದ ನಿಯಮ ಪಾಲಿಸುವ ಬೋಟುಗಳಿಗೆ ಗ್ರೀನ್ ಪಾಮ್ ಎಂಬ ಪ್ರಮಾಣಪತ್ರ ಬೇರೆ ಇದೆ. ಶೌಚಾಲಯದ ಟ್ಯಾಂಕು ಎಲ್ಲಿ ಖಾಲಿ ಮಾಡುತ್ತೀರಿ ಎಂದು ಒಮ್ಮೆ ಕೇಳಿ ನೋಡಿ, ಉತ್ತರ ಕೊಡುವ ರೀತಿಯಲ್ಲೇ ಬೋಟು ಎಂಥದು ಗೊತ್ತಾಗುತ್ತದೆ.

ಸರ್ಕಾರಿ ಬೋಟುಗಳ ದಾರಿ: ನನ್ನ ವೋಟು ಇದಕ್ಕೇ

ನಿಜವಾಗಿ ದೂರ ಸಾಗಬೇಕು, ದಿನಕ್ಕೊಂದು ಊರು ಮುಟ್ಟಬೇಕು, ರೊಕ್ಕವೂ ಉಳಿಯಬೇಕು ಅನ್ನುವವರಿಗೆ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಬೋಟುಗಳೇ ಸರಿ. ಇಲ್ಲಿ ಬೋಟು ತನ್ನ ತವರಿಗೆ ತಾನು ಮರಳುತ್ತದೆ, ನೀವು ಮುಂದಕ್ಕೆ ಹೋಗುತ್ತೀರಿ. ಖಾಲಿ ಓಡಾಟದ ಖರ್ಚು ನಿಮ್ಮ ತಲೆ ಮೇಲಿಲ್ಲ.

ದಾರಿ ಹೀಗೆ ಹಾಕಿಕೊಳ್ಳಿ. ರೈಲಿನಲ್ಲಿ ಸೀದಾ ಕೊಲ್ಲಂಗೆ ಹೋಗಿ ರಾತ್ರಿ ತಂಗಿ. ಕೊಲ್ಲಂ–ಆಲಪ್ಪುಳ ಪ್ರವಾಸಿ ಬೋಟು ಬಹಳ ವರ್ಷಗಳಿಂದ ಬೆಳಿಗ್ಗೆ ಹತ್ತೂವರೆಗೆ ಬಿಟ್ಟು ಸಂಜೆ ಆರೂವರೆ ಹೊತ್ತಿಗೆ ಮುಟ್ಟಿಸುತ್ತದೆ. ಎಂಟು ತಾಸು ಪೂರ್ತಿ ನೀರಿನ ಮೇಲೆ. ಮೊದಲು ಅಷ್ಟಮುಡಿ ಕೆರೆಯ ವಿಶಾಲ ನೀರು, ಚೀನಾ ಬಲೆಗಳು. ಆಮೇಲೆ ಕಾಲುವೆ ಕಿರಿದಾಗುತ್ತಾ ಹೋಗಿ ಒಂದು ಕಡೆ ಸಮುದ್ರದ ಸದ್ದು, ಇನ್ನೊಂದು ಕಡೆ ಮನೆ ಹಿತ್ತಲು. ತೃಕ್ಕುನ್ನಪ್ಪುಳದ ಲಾಕ್ ಗೇಟು ದಾಟಿ ಮುಂದೆ ಹೋದಮೇಲೆ ಮತ್ತೆ ನೀರು ಅಗಲವಾಗುತ್ತದೆ. ಈ ಸರ್ವಿಸು ಋತು ಮತ್ತು ಕಾಲುವೆಯ ಸ್ಥಿತಿ ನೋಡಿ ನಿಲ್ಲಿಸುವುದೂ ಉಂಟು, ಆದ್ದರಿಂದ ಹೊರಡುವ ಹಿಂದಿನ ದಿನ ಜೆಟ್ಟಿಯ ಕೌಂಟರಿಗೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ.

ಎರಡನೇ ದಿನ ಆಲಪ್ಪುಳದಿಂದ ಕೋಟ್ಟಯಂಗೆ ಎರಡೂವರೆ ತಾಸಿನ ಮಾಮೂಲಿ ಬೋಟು. ಇದು ಪ್ರವಾಸಿಗಳದಲ್ಲ. ಶಾಲೆ ಮಕ್ಕಳು, ಕಾಯಿಪಲ್ಯ ತರುವವರು, ಆಫೀಸಿನವರು ಹತ್ತಿ ಇಳಿಯುತ್ತಿರುತ್ತಾರೆ. ಮುಂದೆ ಕೂತು ಸ್ರಾಂಕ್‌ನನ್ನು ಗಮನಿಸಿ. ಚುಕ್ಕಾಣಿ ಅವನ ಕೈಯಲ್ಲಿ, ಎಂಜಿನ್ ಇರುವುದು ನಡುವೆ ಕೆಳಗಿನ ಕುಣಿಯಲ್ಲಿ, ಅಲ್ಲಿ ಬೇರೆ ಡ್ರೈವರ್. ಇಬ್ಬರಿಗೂ ಮುಖ ಕಾಣುವುದಿಲ್ಲ. ಸ್ರಾಂಕ್ ತಲೆ ಮೇಲಿನ ಹಗ್ಗ ಜಗ್ಗಿದರೆ ಕೆಳಗೆ ಗಂಟೆ ಬಡಿಯುತ್ತದೆ, ಆ ಗಂಟೆಯ ಲೆಕ್ಕದ ಮೇಲೆ ಡ್ರೈವರ್ ವೇಗ ಇಳಿಸುತ್ತಾನೆ, ನಿಲ್ಲಿಸುತ್ತಾನೆ, ಹಿಂದಕ್ಕೆ ಹಾಕುತ್ತಾನೆ. ಅಂತರಗಂಗೆ ದಟ್ಟವಾಗಿರುವ ಕಡೆ ಬಳ್ಳಿ ಪಂಖಕ್ಕೆ ಸುತ್ತಿಕೊಂಡು ಎಂಜಿನ್ ದನಿ ಉಬ್ಬಸ ಬಂದಂತಾಗುತ್ತದೆ. ಆಗ ಗಂಟೆ, ಎಂಜಿನ್ ಬಂದ್, ಮತ್ತೆ ಗಂಟೆ, ಹಿಂದಕ್ಕೆ ಒಂದು ಸುತ್ತು, ಬಳ್ಳಿ ಬಿಡಿಸಿಕೊಂಡು ಮುಂದಕ್ಕೆ. ಪಕ್ಕದಲ್ಲಿ ಕೂತ ಊರವರು ಪೇಪರಿನಿಂದ ತಲೆಯನ್ನೂ ಎತ್ತುವುದಿಲ್ಲ.

ಈ ಅಂತರಗಂಗೆಗೂ ಒಂದು ಲೆಕ್ಕ ಇದೆ. ಭತ್ತಕ್ಕೆ ಉಪ್ಪುನೀರು ತಾಗಬಾರದೆಂದು ತಣ್ಣೀರ್ಮುಕ್ಕಂ ಎಂಬಲ್ಲಿ ವೇಂಬನಾಡಿಗೆ ಅಡ್ಡಲಾಗಿ ಒಡ್ಡು ಕಟ್ಟಿದ್ದಾರೆ. ಸಾಮಾನ್ಯವಾಗಿ ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಅದರ ಬಾಗಿಲು ಮುಚ್ಚಿರುತ್ತವೆ. ಆಗ ದಕ್ಷಿಣದ ನೀರು ಸಿಹಿಯಾಗಿ ಬಳ್ಳಿ ಬೆಳೆಯುತ್ತದೆ, ಬಾಗಿಲು ತೆರೆದು ಉಪ್ಪು ಬಂದಮೇಲೆ ಸಾಯುತ್ತದೆ. ಬೆಳೆ ಉಳಿಸುವ ಬಾಗಿಲೇ ಮೀನುಗಾರರ ಹೊಟ್ಟೆ ಮೇಲೆ ಹೊಡೆಯುತ್ತದೆಂಬ ಜಗಳ ಅಲ್ಲಿ ಹಳೆಯದು. ತುಂಗಭದ್ರೆಯ ನೀರಿನ ಜಗಳ ಕಂಡ ನಮಗೆ ಅದೇನೂ ಹೊಸತಲ್ಲ.

ಮೂರನೇ ದಿನಕ್ಕೆ ವೈಕಂಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ತವಣಕ್ಕಡವಿಗೆ ಕೆರೆ ದಾಟಿ. ಈ ಕಡವಿನಲ್ಲೇ 2017ರ ಜನವರಿಯಿಂದ ‘ಆದಿತ್ಯ’ ಎಂಬ ಸೌರ ಬೋಟು ಓಡುತ್ತಿದೆ. ದೇಶದ ಮೊದಲ ಸೋಲಾರ್ ಫೆರ್ರಿ, 75 ಸೀಟು. ಡೀಸೆಲ್ ಬೋಟಿನಿಂದ ಇಳಿದು ಇದನ್ನು ಹತ್ತಿದರೆ ಮೊದಲು ಗಮನಕ್ಕೆ ಬರುವುದು ಸದ್ದಿಲ್ಲದಿರುವುದು. ಆಮೇಲೆ ಎರ್ನಾಕುಲಂ, ಅಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೊ. ಮೆಟ್ರೊ ಟಿಕೆಟ್ ತೆಗೆದಂತೆ ತೆಗೆದು ದ್ವೀಪಗಳಿಗೆ ಹೋಗಬಹುದು, ಬ್ಯಾಟರಿ ಬೋಟು, ಎಸಿ. ಎಂಟು ತಾಸಿನ ಕಾಲುವೆ ಕಂಡಮೇಲೆ ಇದು ಸ್ವಲ್ಪ ಶಾಪಿಂಗ್ ಮಾಲಿನೊಳಗೆ ಓಡಾಡಿದಂತೆ ಅನಿಸಿದರೆ ನನ್ನನ್ನು ಬೈಯಬೇಡಿ.

ಈ ದಾರಿಯ ಕೊರತೆಗಳೂ ಇವೆ. ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿ ಇಳಿಯಬೇಕು. ಎಲ್ಲ ಬೋಟಿನಲ್ಲೂ ಶೌಚಾಲಯದ ಭರವಸೆ ಇಲ್ಲ. ಮೊಣಕಾಲು ನೋವಿನವರಿಗೆ ಜೆಟ್ಟಿಯಿಂದ ಬೋಟಿಗೆ ಕಾಲಿಡುವ ಆ ಒಂದು ಹೆಜ್ಜೆಯೇ ಕಷ್ಟ. ಅಂಥವರು ಮನೆಯಲ್ಲಿದ್ದರೆ ಮಧ್ಯದ ಒಂದು ರಾತ್ರಿ ಆಲಪ್ಪುಳದಲ್ಲಿ ಹೌಸ್‌ಬೋಟು ಹಿಡಿದು, ಉಳಿದದ್ದನ್ನು ಸರ್ಕಾರಿ ಬೋಟಿಗೆ ಬಿಡಿ.

ಸುಂದರಬನ: ಉಬ್ಬರ ಇಳಿತ ಹೇಳಿದಂತೆ

ಕೊಪ್ಪಳ, ಬಳ್ಳಾರಿಯವರಿಗೆ ಒಂದು ಅನುಕೂಲ ಇದೆ, ಎಷ್ಟೋ ಮಂದಿ ಗಮನಿಸಿರುವುದಿಲ್ಲ. ವಾಸ್ಕೊದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳ, ಬಳ್ಳಾರಿ ಹಾದು ಕೋಲ್ಕತ್ತದ ಪಕ್ಕದ ಶಾಲಿಮಾರ್‌ವರೆಗೂ ಹೋಗುತ್ತದೆ. ದಿನವೂ ಇಲ್ಲ, ವಾರದ ದಿನ ನೋಡಿ ಬುಕ್ ಮಾಡಬೇಕು. ಗಾಡಿಯಲ್ಲೇ ಒಂದು ದಿನಕ್ಕಿಂತ ಹೆಚ್ಚು ಹೋಗುತ್ತದೆ, ಆದರೆ ಬದಲಾಯಿಸುವ ತಾಪತ್ರಯವಿಲ್ಲ. ಕೋಲ್ಕತ್ತದ ಸಿಯಾಲ್ದಾದಿಂದ ಲೋಕಲ್‌ನಲ್ಲಿ ಕ್ಯಾನಿಂಗ್, ಅಲ್ಲಿಂದ ರಸ್ತೆಯಲ್ಲಿ ಗೋಡ್‌ಖಾಲಿ ಜೆಟ್ಟಿ. ಗೋಡ್‌ಖಾಲಿಯಿಂದ ಹೊರಟ ಲಾಂಚು ಮೂರನೇ ದಿನ ಗೋಡ್‌ಖಾಲಿಗೇ ಮರಳುತ್ತದೆ. ತವರಿನಿಂದ ತವರಿಗೆ, ಅಪ್ಪಟ ಸುತ್ತು.

ಇಲ್ಲಿ ಬೋಟು ಹೋಟೆಲಲ್ಲ. ಮೇಲೆ ಕೂರಲು ಡೆಕ್, ಕೆಳಗೆ ಮಲಗಲು ಬರ್ತುಗಳು, ಹಿಂದೆ ಒಂದು ಅಡುಗೆ ಮೂಲೆ. ಕೆಲವು ಪ್ಯಾಕೇಜುಗಳಲ್ಲಿ ರಾತ್ರಿ ದ್ವೀಪದ ಲಾಡ್ಜಿನಲ್ಲಿ ಮಲಗಿಸುತ್ತಾರೆ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಪರ್ಮಿಟ್, ಬೋಟಿಗೊಬ್ಬ ಗೈಡ್ ಕಡ್ಡಾಯ. ಸಜ್ನೇಖಾಲಿ, ಸುಧನ್ಯಖಾಲಿ, ದೋಬಾಂಕಿ ಮುಂತಾದ ಕಾವಲು ಗೋಪುರಗಳಲ್ಲಿ ಬಿಟ್ಟರೆ ಬೇರೆಲ್ಲೂ ನೆಲಕ್ಕೆ ಕಾಲಿಡುವಂತಿಲ್ಲ.

ಕೇರಳದ ನೀರು ನಿಂತ ನೀರಿನ ಹಾಗೆ, ಇಲ್ಲಿ ಹಾಗಲ್ಲ. ಸುಮಾರು ಆರು ತಾಸು ಏರುತ್ತದೆ, ಆರು ತಾಸು ಇಳಿಯುತ್ತದೆ. ಬೆಳಿಗ್ಗೆ ಲಾಂಚು ಹೊಕ್ಕ ಕಿರುಹೊಳೆಯ ಬಾಯಿ ಮಧ್ಯಾಹ್ನ ಬರೀ ಕೆಸರು. ಮ್ಯಾಂಗ್ರೋವ್ ಗಿಡಗಳ ಉಸಿರುಬೇರುಗಳು ಮೊಳೆ ನೆಟ್ಟಂತೆ ಎದ್ದು ನಿಂತಿರುತ್ತವೆ, ನೀರಂಚಿನಲ್ಲಿ ಮೊಸಳೆ ಬಿಸಿಲು ಕಾಯಿಸುತ್ತಿರುತ್ತದೆ. ಹಾಗಾಗಿ ಬೆಳಗಿನ ಐದಕ್ಕೇ ಎಬ್ಬಿಸಿದರೆ ಗೊಣಗಬೇಡಿ, ವೇಳಾಪಟ್ಟಿ ಬರೆಯುವವನು ಮಾಲೀಕನಲ್ಲ, ಚಂದ್ರ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು.

ಹುಲಿ ನೋಡಲೆಂದೇ ಹೋಗುವುದಾದರೆ ಹೋಗಬೇಡಿ. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಕಾಡು, ಹುಲಿ ಇರುವುದು ನಿಜ, ಕಾಣುವುದು ಅಪರೂಪ. ಮಕ್ಕಳಿಗೆ ಹುಲಿಯ ಆಸೆ ಹಚ್ಚಿ ಕರೆದೊಯ್ದರೆ ಮೂರು ದಿನವೂ ‘ಎಲ್ಲಿ ಹುಲಿ?’ ಎಂದು ತಲೆ ತಿನ್ನುತ್ತವೆ. ಶುದ್ಧ ಸಸ್ಯಾಹಾರಿಗಳಿಗೂ ಇಲ್ಲಿ ತುಸು ಕಷ್ಟ. ಸಾಸಿವೆ ಎಣ್ಣೆ, ಮೀನು, ಅನ್ನ ಅಲ್ಲಿನ ಊಟ. ಮೊದಲೇ ಹೇಳಿದರೆ ಬೇರೆ ಮಾಡುತ್ತಾರೆ, ಆದರೆ ಅದೇ ಎಣ್ಣೆ, ಅದೇ ಬಾಣಲೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು. ಕೇರಳಕ್ಕೂ ಇದೇ ಮಾತು, ಅಲ್ಲಿನ ಕುಸುಬಲಕ್ಕಿ ಅನ್ನ ಎರಡು ದಿನ ಚೆಂದ, ಮೂರನೇ ದಿನ ಎಲ್ಲರೂ ರೊಟ್ಟಿ ಗಂಟಿಗೆ ಕೈ ಹಾಕುತ್ತಾರೆ.

ನಮ್ಮದೇ ಕರಾವಳಿ

ಒಳದಾರಿ ಇಲ್ಲ ಅಂದೆ. ಅದರರ್ಥ ಬೇಡ ಎಂದಲ್ಲ. ಹಳೆಯ 63ನೇ ಹೆದ್ದಾರಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಸೀದಾ ಅಂಕೋಲೆಗೆ ಇಳಿಯುತ್ತದೆ. ಸ್ವಂತ ಗಾಡಿ, ನಮ್ಮದೇ ಭಾಷೆ, ಊಟದ ಚಿಂತೆಯಿಲ್ಲ. ಕಾರವಾರದಲ್ಲಿ ಕಾಳಿ ಒಂದು ದಿನ, ಹೊನ್ನಾವರದಲ್ಲಿ ಶರಾವತಿ ಒಂದು ದಿನ, ಗಂಗೊಳ್ಳಿ–ಕುಂದಾಪುರದ ಹಿನ್ನೀರು ಒಂದು ದಿನ. ಹಗಲು ಬೋಟು, ರಾತ್ರಿ ಹೋಂಸ್ಟೇಯ ಮಂಚ, ಮರುದಿನ ರಸ್ತೆಯಲ್ಲಿ ಮುಂದಿನ ಹೊಳೆ. ಪ್ರತಿ ಬೋಟೂ ಅರ್ಧ ದಿನದಲ್ಲಿ ತನ್ನ ಜೆಟ್ಟಿಗೆ ಮರಳುವುದರಿಂದ ಬಾಡಿಗೆಯೂ ಕಡಿಮೆ. ಸಣ್ಣ ಮಕ್ಕಳಿದ್ದವರು, ನೀರಿನ ಮೇಲೆ ಮಲಗಲು ಹೆದರುವವರು ಮೊದಲ ಸಲಕ್ಕೆ ಇದನ್ನೇ ಮಾಡಲಿ. ಹೊನ್ನಾವರದಲ್ಲಿ ಬೋಟು ಕೊಂಕಣ ರೈಲಿನ ಎರಡು ಕಿಲೋಮೀಟರು ಉದ್ದದ ಸೇತುವೆಯ ಕೆಳಗೆ ಹೋಗುವಾಗ ಮೇಲೆ ಗಾಡಿ ಬಂದರೆ ಮಕ್ಕಳಿಗೆ ಅದೇ ಹಬ್ಬ.

ಇವು ಹೆಚ್ಚಾಗಿ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸಣ್ಣ ಬೋಟುಗಳು. ಹಿಂದೆ ಕೂತರೆ ಪೆಟ್ರೋಲ್ ವಾಸನೆ, ಮುಂದೆ ಕೂತರೆ ಗಾಳಿ. ವಾಂತಿಯಾಗುವವರು ನಡುವೆ ಕೂರಲಿ. ಅಳಿವೆಯ ಕಡೆಗಲ್ಲ, ಹೊಳೆಯ ಮೇಲ್ಮುಖಕ್ಕೆ ಒಯ್ಯಲು ಹೇಳಿ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್, ಜುಲೈ ಎರಡು ತಿಂಗಳು ನಿಷೇಧ ಇರುತ್ತದೆ. ಮೀನುಗಾರರೇ ದಡದಲ್ಲಿರುವಾಗ ಪ್ರವಾಸಿಗಳಿಗೆ ನೀರಿನಲ್ಲಿ ಏನು ಕೆಲಸ?

ಜೀವದ ಮಾತು

2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆಗೆ ಹೋದವರ ದೋಣಿ ಮರಳುವಾಗ ಮಗುಚಿತು. ಸತ್ತವರಲ್ಲಿ ಕಡಲು ನೋಡಲೆಂದು ಬಂದ ನಮ್ಮ ಬಯಲುಸೀಮೆಯವರೂ ಇದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಹೊತ್ತು ಮುಳುಗಿದ ಮೇಲೆ ಹೊರಟ ಬೋಟು ಮಗುಚಿ 22 ಜನ ಹೋದರು. ಮೀನುಗಾರಿಕೆ ಬೋಟನ್ನೇ ತಿದ್ದಿ ಪ್ರವಾಸಿ ಬೋಟು ಮಾಡಿದ್ದರು, ಮಂದಿಯೂ ಮಿತಿ ಮೀರಿ ಹತ್ತಿದ್ದರು. ಸರ್ಕಾರಿ ಬೋಟು ಅಂದಮಾತ್ರಕ್ಕೆ ಭದ್ರ ಎಂದೂ ಇಲ್ಲ. 2002ರ ಜುಲೈನಲ್ಲಿ ಮುಹಮ್ಮದಿಂದ ಕುಮರಕಂಗೆ ಹೊರಟ ಸರ್ಕಾರಿ ಬೋಟೇ ಮುಳುಗಿ 29 ಜನ ಸತ್ತಿದ್ದಾರೆ, ಅಲ್ಲಿಯೂ ಮಂದಿ ಹೆಚ್ಚಾಗಿದ್ದರು.

ಆದ್ದರಿಂದ ಬೋಟಿನ ಮೇಲೆ ಬರೆದ ನೋಂದಣಿ ಸಂಖ್ಯೆ, ಎಷ್ಟು ಜನ ಹತ್ತಬಹುದು ಎಂಬ ಸಂಖ್ಯೆ ಎರಡನ್ನೂ ನೋಡಿ. ಒಳನಾಡಿನ ಹಡಗುಗಳ 2021ರ ಕಾಯ್ದೆಯ ಪ್ರಕಾರ ಸರ್ವೇ ಪ್ರಮಾಣಪತ್ರ, ನೋಂದಣಿ ಎರಡೂ ಇರಬೇಕು. ತಲೆ ಎಣಿಸಿ. ಹೆಚ್ಚಾಗಿದ್ದರೆ ‘ಅಣ್ಣಾ, ನಾವು ಮುಂದಿನದಕ್ಕೆ ಬರತೀವಿ’ ಎಂದು ಇಳಿದುಬಿಡಿ, ನಾಚಿಕೆ ಬೇಡ. ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಪ್ರಯೋಜನವಿಲ್ಲ, ಮೈಮೇಲಿರಬೇಕು. ಮಕ್ಕಳ ಅಳತೆಯದು ಬೇರೆ ಕೇಳಿ. ಹೊತ್ತು ಮುಳುಗಿದ ಮೇಲೆ ಯಾವ ಬೋಟನ್ನೂ ಹತ್ತಬೇಡಿ.

ಯಾವಾಗ, ಯಾವ ಗಾಡಿಗೆ

ನಮಗೆ ಪುರುಸೊತ್ತು ಸಿಗುವುದೂ ನೀರು ಚೆನ್ನಾಗಿರುವುದೂ ಅದೃಷ್ಟಕ್ಕೆ ಒಂದೇ ಸಮಯಕ್ಕೆ. ಮುಂಗಾರಿನ ಭತ್ತ ಒಕ್ಕಿ, ಗವಿಮಠದ ಜಾತ್ರೆ ಮುಗಿಸಿ ಜನವರಿ ಕೊನೆಗೋ ಫೆಬ್ರವರಿಗೋ ಹೊರಟರೆ ಕೇರಳ, ಸುಂದರಬನ, ಕರಾವಳಿ ಮೂರೂ ಸರಿ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಆಲಪ್ಪುಳದ ಬಾಡಿಗೆ ಕೇಳಲೇ ಹೋಗಬೇಡಿ. ಏಪ್ರಿಲ್‌ನಲ್ಲಿ ಮಕ್ಕಳ ರಜೆಗೆ ಹೋಗುವವರು ನಮ್ಮ ಬಿಸಿಲಿಗೆ ಅಲ್ಲಿನ ಬೆವರು ಸೇರಿಸಿಕೊಂಡು ಬರುತ್ತಾರೆ.

ರಾಯಚೂರಿನವರಿಗೆ ಕೇರಳ ಸುಲಭ. ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ರಾಯಚೂರು, ಗುಂತಕಲ್ ಮೇಲೆ ಎರ್ನಾಕುಲಂ, ಕೋಟ್ಟಯಂ, ಕೊಲ್ಲಂ ಮೂರಕ್ಕೂ ಸೀದಾ ಹೋಗುತ್ತದೆ. ಬಳ್ಳಾರಿಯವರು ಗುಂತಕಲ್‌ನಲ್ಲಿ ಇದನ್ನೇ ಹಿಡಿಯಬಹುದು. ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ ಕನ್ಯಾಕುಮಾರಿ ಗಾಡಿ ಹತ್ತುವುದಾದರೆ ನಡುವೆ ಒಂದು ಹಗಲು ಬೆಂಗಳೂರಿನಲ್ಲಿ ಕಳೆಯಬೇಕು. ಗುಂತಕಲ್‌ನ ದಾರಿಯೇ ವಾಸಿ. ಈ ಗಾಡಿ ಆಲಪ್ಪುಳಕ್ಕೆ ಹೋಗುವುದಿಲ್ಲ, ಅದು ಬೇರೆ ಲೈನು. ಅದಕ್ಕೇ ಕೊಲ್ಲಂನಲ್ಲಿ ಶುರು ಮಾಡಿ ಎರ್ನಾಕುಲಂನಲ್ಲಿ ಮುಗಿಸಲು ಹೇಳಿದ್ದು. ಎರ್ನಾಕುಲಂನಲ್ಲಿ ಜಂಕ್ಷನ್, ಟೌನ್ ಎಂದು ಎರಡು ಸ್ಟೇಷನ್‌ಗಳಿವೆ, ಆಟೊದವರು ಸೌತ್, ನಾರ್ತ್ ಅನ್ನುತ್ತಾರೆ. ಟಿಕೆಟ್‌ನಲ್ಲಿ ಯಾವುದು ಬರೆದಿದೆ ನೋಡಿಕೊಂಡು ಅದರ ಹತ್ತಿರದ ಲಾಡ್ಜ್ ಹಿಡಿಯಿರಿ, ಮರಳುವ ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ. ಬೋಟು ಒಂದೆರಡು ತಾಸು ತಡವಾದರೂ ಗಾಡಿ ತಪ್ಪುವುದಿಲ್ಲ.